ಹಿಂದಕ್ಕೆ ಹೋಗಲು ಮರೆತ ಬ್ರೌಸರ್

ಕೆಲಸದ ನಡುವೆ ಕಂಪ್ಯೂಟರ್ ಸ್ತಬ್ಧವಾಯಿತು. ಬೇರೆ ದಾರಿ ಕಾಣದೆ ಪವರ್ ಬಟನ್ ಒತ್ತಿ ಹಿಡಿದು ಆರಿಸಿದೆ. ಮತ್ತೆ ಚಾಲೂ ಮಾಡಿದಾಗ ಬರೆಯುತ್ತಿದ್ದ ಕಡತವೇನೋ ಉಳಿದಿತ್ತು. ಪೆಟ್ಟು ಬಿದ್ದದ್ದು ಫೈರ್‌ಫಾಕ್ಸ್ ಬ್ರೌಸರ್‌ಗೆ. ಪುಟಗಳು ಎಂದಿನಂತೆ ತೆರೆಯುತ್ತಿದ್ದವು, ಆದರೆ ಬ್ಯಾಕ್ ಬಟನ್ ಮಂಕಾಗಿ ಕುಳಿತಿತ್ತು. ಬುಕ್‌ಮಾರ್ಕ್‌ಗಳ ಪಟ್ಟಿ ಬರಿದು. ಎರಡಕ್ಷರ ಟೈಪ್ ಮಾಡಿದರೆ ಸಾಲಾಗಿ ಬರುತ್ತಿದ್ದ ಹಳೆಯ ವಿಳಾಸಗಳೂ ನಾಪತ್ತೆ.

ಮೊದಲು ಮಾಡಿದ್ದು ದಡ್ಡ ಕೆಲಸ: ಬ್ರೌಸರನ್ನು ಕಿತ್ತುಹಾಕಿ ಹೊಸದಾಗಿ ಅಳವಡಿಸಿದೆ. ಏನೂ ಬದಲಾಗಲಿಲ್ಲ. ನಮ್ಮ ಮಾಹಿತಿಯೆಲ್ಲ ಪ್ರೊಫೈಲ್ ಎಂಬ ಬೇರೆಯೇ ಫೋಲ್ಡರಿನಲ್ಲಿರುತ್ತದೆ. ಪ್ರೋಗ್ರಾಂ ತೆಗೆದರೂ ಅದು ಇದ್ದಲ್ಲೇ ಇರುತ್ತದೆ, ರೋಗದ ಸಮೇತ.

ಪಾಸ್‌ವರ್ಡ್‌ಗಳು ಸುರಕ್ಷಿತವಾಗಿದ್ದುದನ್ನು ಕಂಡಾಗ ಸುಳಿವು ಸಿಕ್ಕಿತು. ಅವುಗಳ ಫೈಲ್ ಬೇರೆ. ಬುಕ್‌ಮಾರ್ಕ್ ಮತ್ತು ಹಿಸ್ಟರಿ (ನೋಡಿದ ಪುಟಗಳ ದಾಖಲೆ) ಎರಡೂ ಇರುವುದು ‘ಪ್ಲೇಸಸ್.ಎಸ್‌ಕ್ಯೂಲೈಟ್’ ಎಂಬ ಒಂದೇ ಡೇಟಾಬೇಸ್ ಫೈಲಿನಲ್ಲಿ. ಅದು ಕೆಟ್ಟರೆ ಬ್ಯಾಕ್ ಬಟನ್ ಕೂಡ ಕೈಕೊಡುತ್ತದೆ. ಅಡ್ರೆಸ್ ಬಾರ್‌ನಲ್ಲಿ ‘ಅಬೌಟ್:ಸಪೋರ್ಟ್’ ಎಂದು ಕೊಟ್ಟು, ತೆರೆದ ಪುಟದಲ್ಲಿ ಈ ಡೇಟಾಬೇಸನ್ನು ಪರೀಕ್ಷಿಸುವ ಬಟನ್ ಒತ್ತಿದೆ. ಅನುಮಾನ ನಿಜವಾಗಿತ್ತು.

ಅದೇ ಪುಟದಿಂದ ಪ್ರೊಫೈಲ್ ಫೋಲ್ಡರ್ ತೆರೆದು, ಬ್ರೌಸರ್ ಮುಚ್ಚಿ, ಫೈಲಿನ ಹೆಸರು ಬದಲಿಸಲು ಹೋದೆ. ಫೈಲ್ ಬಳಕೆಯಲ್ಲಿದೆ ಎಂಬ ಉತ್ತರ ಬಂತು. ಯಾರ ಬಳಕೆಯಲ್ಲಿ? ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ, ಕಿಟಕಿ ಮುಚ್ಚಿದ್ದರೂ ಫೈರ್‌ಫಾಕ್ಸ್ ಹಿನ್ನೆಲೆಯಲ್ಲಿ ಓಡುತ್ತಲೇ ಇತ್ತು. ಅದನ್ನು ನಿಲ್ಲಿಸಿ, ಫೈಲಿನ ಹೆಸರಿನ ಕೊನೆಗೆ ‘.ಓಲ್ಡ್’ ಸೇರಿಸಿದೆ. ಅದೇ ಹೆಸರಿನ ಮುಂದೆ ‘ವಾಲ್’, ‘ಎಸ್‌ಎಚ್‌ಎಂ’ ಎಂಬ ಬಾಲವಿರುವ ಜೊತೆಗಾರ ಫೈಲ್‌ಗಳಿಗೂ ಹಾಗೆಯೇ ಮಾಡಿದೆ. ಅಳಿಸಲಿಲ್ಲ, ಇಂಥ ಹೊತ್ತಿನಲ್ಲಿ ನನ್ನ ಕೈಯನ್ನು ನಾನೇ ನಂಬುವುದಿಲ್ಲ.

ಬ್ರೌಸರ್ ತೆರೆದಾಗ, ಹಳೆಯ ಹೆಸರಿನ ಫೈಲ್ ಇಲ್ಲದ್ದರಿಂದ ಹೊಸ ಡೇಟಾಬೇಸ್ ತಾನಾಗಿ ಹುಟ್ಟಿಕೊಂಡಿತು, ಬ್ಯಾಕ್ ಬಟನ್‌ಗೆ ಜೀವ ಬಂತು. ಬುಕ್‌ಮಾರ್ಕ್‌ಗಳಿಗಾಗಿ ‘ಬುಕ್‌ಮಾರ್ಕ್‌ಬ್ಯಾಕಪ್ಸ್’ ಫೋಲ್ಡರ್ ನೋಡಿದೆ. ಅಲ್ಲಿನ ಪ್ರತಿ ಫೈಲಿನ ಹೆಸರಿನಲ್ಲೇ ದಿನಾಂಕವೂ ಬುಕ್‌ಮಾರ್ಕ್‌ಗಳ ಸಂಖ್ಯೆಯೂ ಇರುತ್ತದೆ. ಕಂಪ್ಯೂಟರ್ ಕೆಡುವ ಹಿಂದಿನ ದಿನದ್ದನ್ನು ಗುರುತು ಮಾಡಿಕೊಂಡು, ಕಂಟ್ರೋಲ್, ಶಿಫ್ಟ್ ಮತ್ತು ‘ಓ’ ಒಟ್ಟಿಗೆ ಒತ್ತಿ ಲೈಬ್ರರಿ ತೆರೆದು, ಆ ಬ್ಯಾಕಪ್ಪನ್ನು ಮರುಸ್ಥಾಪಿಸಿದೆ. ಎಲ್ಲವೂ ತಮ್ಮ ತಮ್ಮ ಫೋಲ್ಡರ್‌ಗಳಿಗೆ ಮರಳಿದವು.

ಹಿಸ್ಟರಿ ಮಾತ್ರ ಹೋದದ್ದು ಹೋಯಿತು. ಆ ಬ್ಯಾಕಪ್‌ಗಳಲ್ಲಿ ಅದಕ್ಕೆ ಜಾಗವಿಲ್ಲ. ದಿನವೂ ನೋಡುವ ತಾಣಗಳ ವಿಳಾಸವನ್ನೂ ಒಂದು ವಾರ ಪೂರ್ತಿಯಾಗಿ ಟೈಪ್ ಮಾಡಬೇಕಾಯಿತು.