ಹಳೇ ಕ್ಯಾಸೆಟ್‌ನ ವಯಸ್ಸು ಕಂಡುಹಿಡಿಯೋದು ಹೇಗೆ?

ಹಳೇ ವಿಡಿಯೋ ಕ್ಯಾಸೆಟ್ ಹಿಡಿದು ದಾವಣಗೆರೆ ಮಂಡಿಪೇಟೆಯ ನನ್ನ ಅಂಗಡಿಗೆ ಬರುವವರು ಮೊದಲು ತೋರಿಸುವುದು ಮೇಲಿನ ಚೀಟಿ. ಅದನ್ನು ನಂಬಬೇಡಿ. ಆಗ ಕ್ಯಾಸೆಟ್ ದುಬಾರಿ, ಅಳಿಸಿ ಅಳಿಸಿ ರೆಕಾರ್ಡ್ ಮಾಡುತ್ತಿದ್ದರು. ಚೀಟಿ ಬದಲಾಯಿಸುವ ತಾಳ್ಮೆ ಯಾರಿಗಿತ್ತು? ಅದರಲ್ಲಿ ದೂರದರ್ಶನದ ರೆಕಾರ್ಡಿಂಗ್ ಇದ್ದರೆ ಮಾತ್ರ ಕಾಲ ಹುಡುಕುವುದು ಸುಲಭ.

ಹಾಕುವ ಮುಂಚೆ ಕ್ಯಾಸೆಟ್‌ನ ಕಿಟಕಿಯಲ್ಲಿ ಇಣುಕಿ. ಟೇಪಿನ ಅಂಚಿಗೆ ಬಿಳಿ ಪುಡಿ ಕಂಡರೆ ಅದು ಬೂಸ್ಟು. ವಿಸಿಆರ್‌ಗೆ ತುರುಕಬೇಡಿ, ಮುಂದಿನ ಕ್ಯಾಸೆಟ್‌ಗೂ ಅಂಟುತ್ತದೆ. ಚೆನ್ನಾಗಿದ್ದರೆ ಬೆನ್ನಿನ ಅಂಚಿನ ಪುಟ್ಟ ಪ್ಲಾಸ್ಟಿಕ್ ತುಂಡು ಮುರಿದುಬಿಡಿ. ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಳಿಯುವುದಿಲ್ಲ.

ಈಗ ಕಾರ್ಯಕ್ರಮ ಬಿಟ್ಟು ಪರದೆಯ ಮೂಲೆಯ ಚಾನೆಲ್ ಗುರುತು ನೋಡಿ. ಕಾರ್ಯಕ್ರಮ ಮರುಪ್ರಸಾರವೂ ಆಗಿರಬಹುದು. 1987ರಲ್ಲಿ ಶುರುವಾದ ‘ರಾಮಾಯಣ’ 2020ರ ಲಾಕ್‌ಡೌನ್‌ನಲ್ಲಿ ಮತ್ತೆ ಬಂತಲ್ವಾ?

ಎರಡು ಬಾಗು ಗೆರೆಗಳು ಸುತ್ತಿ ಸುತ್ತಿ ಕಣ್ಣಾಗುವ ದೂರದರ್ಶನದ ಗುರುತು, ಜೊತೆಗೆ ಪಂಡಿತ್ ರವಿಶಂಕರ್ ಸಂಗೀತ ಬಂದರೆ ಅಂಗಡಿಗೆ ಬಂದವರ ಕಣ್ಣು ತುಂಬುತ್ತದೆ. ಕಾಲ ಹುಡುಕಲು ಅದು ಅಷ್ಟಾಗಿ ಉಪಯೋಗವಿಲ್ಲ. ಆಕಾಶವಾಣಿಯಿಂದ ದೂರದರ್ಶನ ಬೇರೆಯಾದ 1976ರಲ್ಲೇ ಅದು ಬಂತು, ಮುಂದೆ ಬಹುಕಾಲ ಇತ್ತು. ಆ ಕಣ್ಣನ್ನು ಬರೆದ ದೇವಾಶಿಸ್ ಭಟ್ಟಾಚಾರ್ಯ ಆಗ ಅಹಮದಾಬಾದಿನ ವಿನ್ಯಾಸ ಕಲಿಸುವ ಸಂಸ್ಥೆ ಎನ್‌ಐಡಿಯಲ್ಲಿ ವಿದ್ಯಾರ್ಥಿ. ಇಷ್ಟು ದಿನ ಬಾಳಿದ ಗುರುತು ನಮ್ಮ ಟಿವಿಯಲ್ಲಿ ಇನ್ನೊಂದಿಲ್ಲ ಅನ್ನುತ್ತೇನೆ. ಕಪ್ಪು-ಬಿಳುಪು ಚಿತ್ರ ಅಂದಮಾತ್ರಕ್ಕೆ 1982ಕ್ಕಿಂತ ಹಿಂದಿನದು ಅನ್ನಬೇಡಿ. ಆ ವರ್ಷ ಬಣ್ಣ ಬಂದಮೇಲೂ ಹಳೇ ಸಿನಿಮಾ ಹಾಕುತ್ತಲೇ ಇದ್ದರು.

ಕೆಲಸಕ್ಕೆ ಬರುವುದು ಚಾನೆಲ್‌ಗಳ ಹೆಸರು. ಮೂಲೆಯಲ್ಲಿ ‘ಮೆಟ್ರೋ’ ಅಂತಿದ್ದರೆ 1993ರಿಂದ 2003ರೊಳಗೆ. 2003ರ ನವೆಂಬರ್‌ನಲ್ಲಿ ಆ ಜಾಗಕ್ಕೆ ಡಿಡಿ ನ್ಯೂಸ್ ಬಂತು. ‘ಡಿಡಿ 9’ ಕಂಡರೆ ತೊಂಬತ್ತರ ದಶಕ. 2000ದ ಸುಮಾರಿಗೆ ಅದು ‘ಚಂದನ’ ಆಯಿತು. ಡಿಡಿ ನ್ಯೂಸ್ ಗುರುತು ಕೇಸರಿ ಬಣ್ಣದಲ್ಲಿದ್ದರೆ 2024ರ ಏಪ್ರಿಲ್ ನಂತರದ್ದು, ಅದಂತೂ ಕ್ಯಾಸೆಟ್‌ನಲ್ಲಿ ಸಿಗುವುದಿಲ್ಲ ಬಿಡಿ.

ನಮ್ಮ ಕಡೆಯವರಿಗೆ ಇನ್ನೊಂದು ಅನುಕೂಲ ಇದೆ. 1997ರ ಆಗಸ್ಟ್‌ವರೆಗೆ ದಾವಣಗೆರೆ ಇದ್ದಿದ್ದು ಚಿತ್ರದುರ್ಗ ಜಿಲ್ಲೆಯಲ್ಲಿ, ಚನ್ನಗಿರಿ ಶಿವಮೊಗ್ಗದಲ್ಲಿ. ಕೃಷಿ ಕಾರ್ಯಕ್ರಮದಲ್ಲಿ ಅಡಿಕೆ ಬೆಳೆಗಾರರ ಹೆಸರಿನ ಕೆಳಗೆ ‘ಚನ್ನಗಿರಿ, ದಾವಣಗೆರೆ ಜಿಲ್ಲೆ’ ಅಂತಿದ್ದು, ಮೂಲೆಯಲ್ಲಿ ‘ಡಿಡಿ 9’ ಇದ್ದರೆ ಲೆಕ್ಕ ಮುಗಿದಂತೆ: 1997ರಿಂದ 2000ದ ಆಸುಪಾಸು.

ಇಂಥ ಸುಳಿವು ಜಾಸ್ತಿ ಸಿಗುವುದು ಕಾರ್ಯಕ್ರಮಗಳ ನಡುವೆ. ರೆಕಾರ್ಡಿಂಗ್ ನಿಲ್ಲಿಸಲು ಮರೆತವರ ಕ್ಯಾಸೆಟ್ ನನಗೆ ಬಲು ಇಷ್ಟ. ಜಾಹೀರಾತು, ‘ಅಡಚಣೆಗಾಗಿ ಕ್ಷಮಿಸಿ’ ಎಲ್ಲ ಇರುತ್ತದೆ. ಪೆನ್‌ಡ್ರೈವ್‌ಗೆ ಹಾಕಿಸುವಾಗ "ಸುಮ್ನೆ ಏನೂ ಕತ್ತರಿಸಬೇಡಿ" ಅಂತ ಮೊದಲೇ ಹೇಳಿಬಿಡಿ. ಫೈಲ್‌ಗೆ ಒಂದೇ ವರ್ಷ ಹಾಕದೆ ‘1997-2000, ಡಿಡಿ 9’ ಅಂತ ಹೆಸರಿಡಿ. ಮುಂದೆ ಇನ್ನೊಂದು ಸುಳಿವು ಸಿಕ್ಕರೆ ಆಗ ತಿದ್ದಿಕೊಳ್ಳಬಹುದು.