ಇಂಗ್ಲೆಂಡಿನ ಚಳಿಗಾಲದಲ್ಲಿ ತೋಟಗಾರನ ಸಂಪಾದನೆ: ನನ್ನ ಅನುಭವ

ದಕ್ಷಿಣ ಇಂಗ್ಲೆಂಡಿನಲ್ಲಿ ಮನೆತೋಟಗಳ ಕೆಲಸವನ್ನು ಸ್ವಂತ ಉದ್ಯೋಗವಾಗಿ ನಡೆಸುವವರಿಗೆ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಹುಲ್ಲುಹಾಸೇ ಅನ್ನ ಕೊಡುತ್ತದೆ. ಉಷ್ಣಾಂಶ 5–6 ಡಿಗ್ರಿಗಿಂತ ಕೆಳಗಿಳಿದರೆ ಹುಲ್ಲು ಬೆಳೆಯುವುದು ಬಹುಮಟ್ಟಿಗೆ ನಿಲ್ಲುತ್ತದೆ. ಹದಿನೈದು ದಿನಕ್ಕೊಮ್ಮೆ ಕರೆಯುತ್ತಿದ್ದ ಮನೆಯವರೂ ಸುಮ್ಮನಾಗುತ್ತಾರೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕರ ಹೊತ್ತಿಗೇ ಕತ್ತಲಾಗುವುದರಿಂದ ಇರುವ ಕೆಲಸಕ್ಕೂ ಬೆಳಕು ಸಾಲುವುದಿಲ್ಲ. ಇದರ ಜೊತೆಗೆ, ಹಿಂದಿನ ಏಪ್ರಿಲ್ 5ಕ್ಕೆ ಮುಗಿದ ವರ್ಷದ ತೆರಿಗೆ ಬಾಕಿಯನ್ನೂ, ಹೆಚ್ಚಿನವರು ನಡೆಯುತ್ತಿರುವ ವರ್ಷದ ಮುಂಗಡದ ಮೊದಲ ಕಂತನ್ನೂ ಕಟ್ಟಬೇಕಾದದ್ದು ಜನವರಿ 31ರೊಳಗೆ. ದುಡಿಮೆ ತೀರ ಕಡಿಮೆಯಿರುವ ತಿಂಗಳಲ್ಲೇ ದೊಡ್ಡ ಖರ್ಚು ಬಂದು ನಿಲ್ಲುತ್ತದೆ.

ಮಲೆನಾಡಿನ ನಮ್ಮ ಮನೆಯಲ್ಲಿ ಮಳೆಗಾಲದ ಸೌದೆಯನ್ನು ಬೇಸಿಗೆಯಲ್ಲೇ ಒಟ್ಟಿಡುತ್ತಿದ್ದಂತೆ, ಚಳಿಗಾಲದ ಕೆಲಸವನ್ನೂ ಬೇಸಿಗೆಯಲ್ಲೇ ಗೊತ್ತುಮಾಡಿಕೊಳ್ಳುವ ಪದ್ಧತಿಯನ್ನು ನಾನು ರೂಢಿಸಿಕೊಂಡೆ. ಕಾಯಂ ಗಿರಾಕಿಗಳ ಮುಂದೆ ಇಡೀ ವರ್ಷದ ಕೆಲಸದ ಅಂದಾಜನ್ನು ಬರೆದಿಟ್ಟು, ಒಟ್ಟು ಮೊತ್ತವನ್ನು ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ ಇಷ್ಟೆಂದು ಬ್ಯಾಂಕಿನ ಮೂಲಕ ಕೊಡುವಂತೆ ಕೇಳಿಕೊಂಡೆ. ಎಲ್ಲರೂ ಒಪ್ಪಲಿಲ್ಲ. ಒಪ್ಪಿದವರಲ್ಲಿ ಹೆಚ್ಚಿನವರು ವಯಸ್ಸಾದವರು. ಖರ್ಚು ತಿಂಗಳು ತಿಂಗಳು ಒಂದೇ ಆಗಿರುವುದು ಅವರಿಗೂ ಅನುಕೂಲವಾಗಿತ್ತು. ಆದರೆ ಜನವರಿಯಲ್ಲಿ ತಾವು ಕೊಡುವ ಹಣಕ್ಕೆ ತೋಟದಲ್ಲಿ ಏನು ನಡೆಯುತ್ತಿದೆ ಎಂಬುದು ಅವರ ಕಣ್ಣಿಗೆ ಕಾಣಬೇಕು, ಇಲ್ಲವಾದರೆ ಈ ಒಪ್ಪಂದ ಬಾಳುವುದಿಲ್ಲ.

ಆ ಕೆಲಸಕ್ಕೆ ಕೊರತೆಯೇನೂ ಇಲ್ಲ. ಸೇಬು ಮತ್ತು ಪೇರ್ ಮರಗಳು ಎಲೆ ಉದುರಿಸಿ ಸುಪ್ತಾವಸ್ಥೆಯಲ್ಲಿರುವ ನವೆಂಬರ್‌ನಿಂದ ಮಾರ್ಚ್ ಆರಂಭದವರೆಗಿನ ಅವಧಿ ಕೊಂಬೆ ಸವರುವುದಕ್ಕೆ ಸೂಕ್ತ ಕಾಲ. ಪ್ಲಮ್ ಮತ್ತು ಚೆರ್ರಿಯನ್ನು ಮಾತ್ರ ಆಗ ಮುಟ್ಟಬಾರದು, ಏಕೆಂದರೆ ಹಸಿ ಗಾಯದ ಮೂಲಕ ಸಿಲ್ವರ್ ಲೀಫ್ ಎಂಬ ಶಿಲೀಂಧ್ರ ರೋಗ ಒಳಸೇರುತ್ತದೆ. ಅವನ್ನು ಬೇಸಿಗೆಯ ಪಟ್ಟಿಗೆ ಹಾಕುತ್ತೇನೆ. ಕೈಗೆ ಬಂದ ಕೆಲಸವನ್ನು ಕಾರಣ ಹೇಳಿ ಮುಂದೂಡಿದ ಮನೆಗಳಲ್ಲಿಯೇ ನನ್ನ ಮಾತಿಗೆ ಹೆಚ್ಚು ಬೆಲೆ ಬಂದದ್ದನ್ನು ಕಂಡಿದ್ದೇನೆ. ಗೋಡೆಗೆ ಹಬ್ಬಿಸಿದ ವಿಸ್ಟೀರಿಯಾ ಬಳ್ಳಿಯ ಕವಲುಗಳನ್ನು ಜನವರಿ–ಫೆಬ್ರವರಿಯಲ್ಲಿ ಎರಡು ಮೂರು ಮೊಗ್ಗು ಉಳಿಯುವಂತೆ ಕತ್ತರಿಸುವುದು ಏಣಿಯ ಮೇಲೆ ನಿಂತು ನಿಧಾನವಾಗಿ ಮಾಡಬೇಕಾದ ಕೆಲಸವಾದ್ದರಿಂದ, ಅದಕ್ಕೆ ಗಂಟೆಯ ಲೆಕ್ಕ ಬಿಟ್ಟು ಗುತ್ತಿಗೆಯ ದರ ಹೇಳುತ್ತೇನೆ. ಎತ್ತರ ಬೆಳೆದ ಜೀವಂತ ಬೇಲಿಗಳನ್ನು ತಗ್ಗಿಸುವುದಕ್ಕೂ ಇದೇ ಸಮಯ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಅವುಗಳಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ, ಬಳಕೆಯಲ್ಲಿರುವ ಗೂಡನ್ನು ಉದ್ದೇಶಪೂರ್ವಕವಾಗಿ ಕೆಡಿಸುವುದು 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಹಳೆಯ ಸ್ವರೂಪ ಉಳಿಸಲೆಂದು ಗುರುತಿಸಿದ ಸಂರಕ್ಷಿತ ಬಡಾವಣೆಗಳಲ್ಲಿ ಮರ ಕತ್ತರಿಸುವ ಮುನ್ನ ಸ್ಥಳೀಯ ಆಡಳಿತಕ್ಕೆ ಆರು ವಾರಗಳ ಮುಂಚಿತ ಸೂಚನೆ ಕೊಡಬೇಕಾಗಿರುವುದರಿಂದ, ಆ ಪತ್ರಗಳನ್ನು ಅಕ್ಟೋಬರಿನಲ್ಲೇ ಬರೆಯುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಆದಾಯ ತಂದದ್ದು ಮಣ್ಣಿಲ್ಲದ ಬರಿಬೇರಿನ ಗಿಡಗಳನ್ನು ನೆಡುವ ಕೆಲಸ. ನವೆಂಬರ್‌ನಿಂದ ಮಾರ್ಚ್‌ವರೆಗೆ ನರ್ಸರಿಗಳು ಗುಲಾಬಿಯನ್ನೂ, ಬೇಲಿಗೆ ನೆಡುವ ಹಾಥಾರ್ನ್, ಬೀಚ್ ಮುಂತಾದ ಗಿಡಗಳನ್ನೂ ಹೀಗೆ ಕಿತ್ತು ಮಾರುತ್ತವೆ. ಕುಂಡದ ಗಿಡಕ್ಕಿಂತ ಬೆಲೆ ಎಷ್ಟೋ ಕಡಿಮೆ. ಉದ್ದನೆಯ ಬೇಲಿ ಬೇಕೆನ್ನುವವರಿಗೆ ಸೆಪ್ಟೆಂಬರಿನಲ್ಲೇ ಎರಡೂ ಬೆಲೆಗಳನ್ನು ಮುಂದಿಟ್ಟರೆ ಅವರೇ ಚಳಿಗಾಲಕ್ಕೆ ಒಪ್ಪುತ್ತಾರೆ. ನೆಲ ಹೆಪ್ಪುಗಟ್ಟಿದ್ದರೆ ಅಥವಾ ನೀರು ನಿಂತಿದ್ದರೆ ನೆಡುವಂತಿಲ್ಲ. ಬಂದ ಗಿಡಗಳ ಬೇರನ್ನು ಸಡಿಲ ಮಣ್ಣಿನಲ್ಲಿ ತಾತ್ಕಾಲಿಕವಾಗಿ ಮುಚ್ಚಿಟ್ಟು ಹದ ಬರುವವರೆಗೆ ಕಾಯುತ್ತೇನೆ, ಬೇರು ಒಣಗಲು ಬಿಡುವುದಿಲ್ಲ.

ಹಿಮ ತೆಗೆಯುವ ಕೆಲಸವನ್ನು ನಾನು ನಂಬಿಕೊಳ್ಳಲಿಲ್ಲ. ಈ ಭಾಗದಲ್ಲಿ ಅದು ಬೀಳುವುದೇ ಅಪರೂಪ. ಬೇಸಿಗೆಯಲ್ಲಿ ಬಂದ ಪ್ರತಿ ಪಾವತಿಯಿಂದ ತೆರಿಗೆಯ ಪಾಲನ್ನು ಬೇರೆ ಖಾತೆಗೆ ಹಾಕಿಡುವುದರಿಂದ ಜನವರಿಯ ಗಳಿಕೆ ಮನೆಖರ್ಚಿಗೇ ಉಳಿಯುತ್ತದೆ. ಹೊಸದಾಗಿ ನೆಟ್ಟ ಬೇಲಿಗೆ ಮೊದಲ ಬೇಸಿಗೆಯಲ್ಲಿ ನೀರು, ಕಳೆ ಎರಡರ ಆರೈಕೆಯೂ ಬೇಕಾಗುವುದರಿಂದ, ಅದರ ದರವನ್ನು ನೆಡುವ ಕೆಲಸದ ಅಂದಾಜುಪಟ್ಟಿಯಲ್ಲೇ ಸೇರಿಸುತ್ತೇನೆ.