ನುಂಗುವ ಗಂಟಲಿನ ಎಂಆರ್‌ಐ ವೀಡಿಯೊ ತೆಗೆಯುವುದು ಹೀಗೆ

ಬನವಾಸಿ ಕಡೆ ಬೆಳೆಯುವ ಅನಾನಸ್‌ಗೆ ಎಂಆರ್‌ಐ ಕೋಣೆಯಲ್ಲೂ ಕೆಲಸವಿದೆ. ಅದರ ರಸದಲ್ಲಿ ಮ್ಯಾಂಗನೀಸ್ ಇರುವುದರಿಂದ ಟಿ1 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಗುಟುಕು ಬೆಳ್ಳಗೆ ಕಾಣುತ್ತದೆ. ಬರೀ ನೀರು ಕುಡಿಸಿದರೆ ಕಪ್ಪಿನಲ್ಲಿ ಕಪ್ಪು.

ಮೊದಲು ಲೋಹದ ತಪಾಸಣೆ. ಮೂಗುತಿ, ಕಾಲುಂಗುರ ತೆಗೆಸುವುದನ್ನು ಯಾರೂ ಮರೆಯುವುದಿಲ್ಲ, ಮರೆಯುವುದು ಕಣ್ಣನ್ನು. ಕಾರವಾರದ ಬೈತಖೋಲದಂಥ ಬಂದರಿನಲ್ಲಿ ಗ್ರೈಂಡಿಂಗ್ ಮಾಡಿದವರ ಕಣ್ಣಿಗೆ ಎಂದಾದರೂ ಕಬ್ಬಿಣದ ಚೂರು ಹೊಕ್ಕಿತ್ತೇ ಎಂದು ಕೇಳಬೇಕು. ಅನುಮಾನವಿದ್ದರೆ ಎಕ್ಸ್‌ರೇ ಮಾಡಿಸಿಯೇ ಮುಂದಿನ ಮಾತು. ಹಲ್ಲಿನ ಕ್ಲಿಪ್‌ನಿಂದ ಸಾಮಾನ್ಯವಾಗಿ ಅಪಾಯವಿಲ್ಲ, ಆದರೆ ಬಾಯಿಯ ಸುತ್ತಲಿನ ಚಿತ್ರ ಕೆಡುತ್ತದೆ.

ರಸವನ್ನು ಬಟ್ಟೆಯಲ್ಲಿ ಸೋಸಿ, ನೊರೆ ಇಳಿಯಲು ಬಿಡಿ. ಗಾಳಿಗುಳ್ಳೆ ಇದ್ದಲ್ಲಿ ಕಪ್ಪು ಕಲೆ ಬೀಳುತ್ತದೆ. ನೀರು ಬೆರೆಸಬಾರದು. ಗುಟುಕಿಗೆ 5ರಿಂದ 10 ಮಿ.ಲೀ. ಸಾಕು, ಮಲಗಿದವರ ಬಾಯಿಗೆ ಪ್ಲಾಸ್ಟಿಕ್ ನಳಿಕೆಯಿಂದ ಕೊಡಬೇಕು. ಸ್ಲೈಸನ್ನು, ಅಂದರೆ ಚಿತ್ರ ತೆಗೆಯುವ ತೆಳು ಪದರವನ್ನು, ಮುಖದ ನಟ್ಟನಡುವೆ ಉದ್ದಕ್ಕೆ ಇಡಬೇಕು. ತಲೆ ತುಸು ಓರೆಯಾದರೂ ಅನ್ನನಾಳದ ಬಾಯಿ ಚಿತ್ರದಿಂದ ಹೊರಗುಳಿಯುತ್ತದೆ, ಹಾಗಾಗಿ ಕಿವಿಯ ಎರಡೂ ಬದಿಗೆ ಸ್ಪಂಜು ಕೊಡಿ.

ನಿಜವಾದ ಕಸರತ್ತು ವೇಗದ್ದು. ಗುಟುಕು ಗಂಟಲು ದಾಟಲು ಒಂದು ಸೆಕೆಂಡೂ ಬೇಡ. ಜರ್ಮನಿಯ ಗಟ್ಟಿಂಗೆನ್‌ನಲ್ಲಿ 1985ರಲ್ಲಿ ಫ್ಲ್ಯಾಶ್ ಎಂಬ ವೇಗದ ಎಂಆರ್‌ಐ ವಿಧಾನ ರೂಪಿಸಿದ್ದ ಯೆನ್ಸ್ ಫ್ರಾಮ್ ಅವರ ತಂಡವೇ 2010ರ ಹೊತ್ತಿಗೆ ಅದನ್ನು ರಿಯಲ್‌ಟೈಮ್ ಮಟ್ಟಕ್ಕೆ, ಅಂದರೆ ಚಲನೆಯನ್ನು ನಡೆದಂತೆಯೇ ವೀಡಿಯೊ ಆಗಿ ಹಿಡಿಯುವಷ್ಟು ವೇಗಕ್ಕೆ ತಂದಿತು. ಮಾಹಿತಿಯನ್ನು ಸಾಲುಸಾಲಾಗಿ ಪಡೆಯದೆ, ಗಾಡಿ ಚಕ್ರದ ಅರಗಳಂತೆ ಕೇಂದ್ರ ಹಾಯುವ ಗೆರೆಗಳಲ್ಲಿ ಪಡೆಯುತ್ತಾರೆ. ಗೆರೆಗೆ ಸುಮಾರು 2 ಮಿಲಿಸೆಕೆಂಡ್. 128 ಬಿಂದು ಅಗಲದ ಚಿತ್ರಕ್ಕೆ ಲೆಕ್ಕದಂತೆ 200 ಗೆರೆ ಬೇಕು, ಅಂದರೆ 400 ಮಿಲಿಸೆಕೆಂಡ್; ಅಷ್ಟರಲ್ಲಿ ಗುಟುಕು ಅರ್ಧ ದಾರಿ ಹೋಗಿರುತ್ತದೆ. ಅದಕ್ಕೇ 20 ಗೆರೆಗೆ ನಿಲ್ಲಿಸಿ, ಸೆಕೆಂಡಿಗೆ 25 ಚಿತ್ರ ಪಡೆಯುತ್ತಾರೆ. ಪ್ರತಿ ಚಿತ್ರದಲ್ಲೂ ಗೆರೆಗಳ ಕೋನವನ್ನು ಕೊಂಚ ತಿರುಗಿಸಿದರೆ, ಉಳಿದ ಕೊರತೆಯನ್ನು ಕಂಪ್ಯೂಟರ್ ಹಿಂದಿನ ಚಿತ್ರದ ಆಧಾರದಲ್ಲಿ ತುಂಬಿಕೊಳ್ಳುತ್ತದೆ. ಗೆರೆ ತೀರಾ ಕಡಿಮೆಯಾದರೆ ಪಟ್ಟೆಗಳು, ಹೆಚ್ಚಾದರೆ ಎಪಿಗ್ಲಾಟಿಸ್ (ಉಸಿರುನಾಳದ ಮುಚ್ಚಳ) ಮಡಚುವ ಗಳಿಗೆಯೇ ಮಸುಕು.

ಹೃದಯಕ್ಕೂ ಇದೇ ದಾರಿ. ಮಿಡಿತ ಏರುಪೇರಾಗುವವರಿಗೆ, ಉಸಿರು ಕಟ್ಟಲಾಗದವರಿಗೆ ಇಸಿಜಿ ತಾಳಕ್ಕೆ ಹೊಂದಿಸಿ ತೆಗೆಯುವ ಮಾಮೂಲಿ ವಿಧಾನ ಕೈಕೊಡುತ್ತದೆ, ಇದು ನಡೆಯುತ್ತದೆ.

ನೀರು ಕುಡಿದರೂ ಕೆಮ್ಮು ಬರುವವರನ್ನು ಮಲಗಿಸಿ ರಸ ಕುಡಿಸಬೇಡಿ, ಶ್ವಾಸಕೋಶಕ್ಕೆ ಇಳಿದೀತು. ಅವರಿಗೆ ಕೂರಿಸಿ ಮಾಡುವ ಬೇರಿಯಂ ಎಕ್ಸ್‌ರೇಯೇ ವಾಸಿ. ರಿಯಲ್‌ಟೈಮ್ ವೀಡಿಯೊ ಸೌಲಭ್ಯ ಎಲ್ಲ ಎಂಆರ್‌ಐ ಯಂತ್ರಗಳಲ್ಲೂ ಇರುವುದಿಲ್ಲ. ಶಿರಸಿಯಿಂದ ಹುಬ್ಬಳ್ಳಿಗೋ ಕಾರವಾರದಿಂದ ಗೋವಾಕ್ಕೋ ಹೊರಡುವವರು ಮೊದಲೇ ಫೋನ್ ಮಾಡಿ, ‘ರಿಯಲ್‌ಟೈಮ್ ಸೀಕ್ವೆನ್ಸ್ ಇದೆಯಾ’ ಎಂದು ಕೇಳಿಕೊಳ್ಳಿ.